ಪೆಟ್ಟಿಗೆಯ ಕೆಳಗೊಂದು ಪೆಟ್ಟಿಗೆ

"ಮಾಮ, ಇದಕ್ಕೆ ಪೆನ್‌ಡ್ರೈವ್ ಎಲ್ಲಿ ಹಾಕೋದು?"

ಹೊಸ ಕಂಪ್ಯೂಟರ್ ಬಂದ ದಿನ ಅಕ್ಕನ ಮಗಳು ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ ಇದು. ಅವಳು ಹಾಸನದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೊ ಎಡಿಟ್ ಮಾಡಿಕೊಡುತ್ತಾಳೆ. ಒಂದೂವರೆ ವರ್ಷ ಕೂಡಿಟ್ಟ ದುಡ್ಡಿನಲ್ಲಿ ಆಪಲ್‌ನವರ ಮ್ಯಾಕ್ ಮಿನಿ ತರಿಸಿಕೊಂಡಿದ್ದಳು. "ಅದನ್ನೇ ತಗೋ, ಕಣ್ಣು ಮುಚ್ಚಿಕೊಂಡು ತಗೋ" ಅಂತ ಹೇಳಿದವನು ನಾನೇ. ಹಾಗಾಗಿ ಪ್ರಶ್ನೆಗೆ ಉತ್ತರ ಕೊಡುವ ಜವಾಬ್ದಾರಿಯೂ ನನ್ನ ತಲೆಗೇ ಬಂತು.

"ಹಾಕೋಕೆ ಆಗಲ್ಲ ಕಣೇ. ಅದಕ್ಕೊಂದು ಹಬ್ ತಗೋಬೇಕು."

"ಅರವತ್ತು ಸಾವಿರ ಕೊಟ್ಟ ಮೇಲೂನಾ?"

ಆ "ಮೇಲೂನಾ"ಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾಲ್ಕು ತಿಂಗಳು ಆ ಯಂತ್ರ, ಅದರ ಕೆಳಗೆ ಬಂದು ಕೂತ ಹಬ್, ಎರಡರ ಜೊತೆಗೂ ಒದ್ದಾಡಿದ ಮೇಲೆ ಈಗ ಒಂದು ಉತ್ತರ ಇದೆ. ಅದನ್ನೇ ಬರೆಯುತ್ತಿದ್ದೇನೆ. ಇದನ್ನು ಹೊಗಳಿಕೆ ಅಂತಲೂ ಓದಿಕೊಳ್ಳಬಹುದು, ತಕರಾರು ಅಂತಲೂ ಓದಿಕೊಳ್ಳಬಹುದು.

ಮೊದಲು ಯಂತ್ರಕ್ಕೆ ಸಲ್ಲಬೇಕಾದ್ದು ಸಲ್ಲಲಿ. 2024ರ ಕೊನೆಯಲ್ಲಿ ಬಂದ ಎಂ4 ಚಿಪ್‌ನ ಈ ಮ್ಯಾಕ್ ಮಿನಿ 12.7 ಸೆಂಟಿಮೀಟರ್ ಚೌಕ, 5 ಸೆಂಟಿಮೀಟರ್ ಎತ್ತರ. ಅಡುಗೆಮನೆಯ ಮಸಾಲೆ ಡಬ್ಬಿಗಿಂತ ಚಿಕ್ಕದು. ತೂಕ ಮುಕ್ಕಾಲು ಕೇಜಿಯೂ ಇಲ್ಲ. ಅತಿ ಅಗ್ಗದ ಮಾದರಿಗೂ 16 ಜಿಬಿ ಮೆಮೊರಿ ಕೊಟ್ಟಿದ್ದಾರೆ. ಫ್ಯಾನ್ ಇದೆ ಅನ್ನುವುದು ಕಿವಿಗೆ ಗೊತ್ತಾಗುವುದೇ ಇಲ್ಲ. ಹುಡುಗಿಯ ಹಳೇ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಬುಸುಗುಟ್ಟುತ್ತ ಮಾಡುತ್ತಿದ್ದ ಕೆಲಸವನ್ನು ಇದು ಊಟ ಮುಗಿಸಿ ಬರುವಷ್ಟರಲ್ಲಿ ಮುಗಿಸಿಡುತ್ತದೆ. ಭಾರತದಲ್ಲಿ ಬಿಡುಗಡೆಯ ಬೆಲೆ 59,900 ರೂಪಾಯಿ. ಆ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಕೆಲಸಗಾರ ಸಿಗುವುದು ಕಷ್ಟ ಅಂತ ಆಗಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ.

ತಕರಾರು ಇರುವುದು ಎರಡು ಕಡೆ. ಒಂದು, ಜಾಗ. ಆ ಬೆಲೆಗೆ ಸಿಕ್ಕಿದ್ದು 256 ಜಿಬಿ. ಅದನ್ನು 512 ಮಾಡಿಸಿಕೊಳ್ಳಬೇಕೆಂದರೆ ಕೊಳ್ಳುವಾಗಲೇ 20,000 ರೂಪಾಯಿ ಜಾಸ್ತಿ ಕೊಡಬೇಕಿತ್ತು. ಎರಡು, ಪೋರ್ಟುಗಳು. ಮುಂದೆ ಎರಡು ಯುಎಸ್‌ಬಿ-ಸಿ, ಒಂದು ಹೆಡ್‌ಫೋನ್ ಪಿನ್. ಹಿಂದೆ ಮೂರು ಥಂಡರ್‌ಬೋಲ್ಟ್, ಒಂದು ಎಚ್‌ಡಿಎಂಐ, ಒಂದು ನೆಟ್‌ವರ್ಕ್ ಕೇಬಲ್ಲಿನದು. ನಮಗೆಲ್ಲ ಗೊತ್ತಿರುವ ಅಗಲ ಬಾಯಿಯ ಹಳೇ ಯುಎಸ್‌ಬಿ, ಅಂದರೆ ಯುಎಸ್‌ಬಿ-ಎ, ಒಂದೂ ಇಲ್ಲ. 2023ರ ಮಿನಿಯಲ್ಲಿ ಅಂಥವು ಎರಡಿದ್ದವು. ಕ್ಯಾಮೆರಾದ ಎಸ್‌ಡಿ ಕಾರ್ಡ್ ತೂರಿಸುವ ಜಾಗ 2014ರ ಮಾದರಿಯವರೆಗೂ ಇತ್ತು, 2018ರಲ್ಲಿ ಹೋದದ್ದು ಮತ್ತೆ ಬರಲಿಲ್ಲ.

ಕಾಗದದ ಮೇಲೆ ಇದೆಲ್ಲ ಸಣ್ಣ ವಿಷಯ. ಆದರೆ ಮದುವೆ ವಿಡಿಯೊ ಮಾಡುವವಳ ಟೇಬಲ್ ನೋಡಿ. ಎರಡು ಕ್ಯಾಮೆರಾಗಳ ಕಾರ್ಡು. ಡ್ರೋನ್ ಹಾರಿಸಿದ ಹುಡುಗನ ಕಾರ್ಡು. ಗಿರಾಕಿ "ಇದರಲ್ಲಿ ಹಾಕ್ಕೊಡಿ ಮೇಡಂ" ಅಂತ ಕೊಟ್ಟು ಹೋದ ಪೆನ್‌ಡ್ರೈವು. ಮೌಸಿನ ಚಿಕ್ಕ ಡಾಂಗಲ್ಲು. ಹಳೇ ಕೆಲಸವೆಲ್ಲ ತುಂಬಿದ ಹಾರ್ಡ್‌ಡಿಸ್ಕು. ಇವುಗಳಲ್ಲಿ ಒಂದಾದರೂ ಆ ಹೊಸ ಪೆಟ್ಟಿಗೆಗೆ ನೇರವಾಗಿ ಹೋಗುವುದಿಲ್ಲ.

"ಚಿಕ್ಕದು ಮಾಡಬೇಕಾದರೆ ಏನಾದರೂ ಬಿಡಲೇಬೇಕಲ್ಲ ಸಾರ್" ಅಂತ ನೀವು ಕೇಳಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ಇಂಟೆಲ್‌ನವರು 2023ರಲ್ಲಿ ಕೈಬಿಟ್ಟು ಏಸಸ್‌ಗೆ ವಹಿಸಿದರಲ್ಲ, ಆ ನಕ್ ಅನ್ನುವ ಪುಟ್ಟ ಕಂಪ್ಯೂಟರ್ ನೆನಪು ಮಾಡಿಕೊಳ್ಳಿ. ಅದೂ ಅಂಗೈ ಅಗಲದ್ದೇ. ತಳದ ನಾಲ್ಕು ಸ್ಕ್ರೂ ಬಿಚ್ಚಿದರೆ ಮೆಮೊರಿ, ಡಿಸ್ಕು ಎರಡೂ ಕೈಗೆ ಸಿಗುತ್ತಿದ್ದವು. ಪೇಟೆಯಲ್ಲಿ ಸಿಗುವ ಎಂ.2 ಡಿಸ್ಕ್ ತಂದು ನಾವೇ ಕೂರಿಸಬಹುದಿತ್ತು. ಅಷ್ಟೇಕೆ, 2010ರಿಂದ 2012ರವರೆಗಿನ ಮ್ಯಾಕ್ ಮಿನಿಯ ತಳದಲ್ಲೇ ಒಂದು ದುಂಡು ಮುಚ್ಚಳ ಇತ್ತು. ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ ತಿರುಗಿಸಿ ತೆಗೆದರೆ ಮೆಮೊರಿ ಬದಲಿಸಬಹುದಿತ್ತು. 2014ರಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದರು. ಈಗಿನ ಮಿನಿಯ ತಳದಲ್ಲಿ ಮುಚ್ಚಳದ ಬದಲು ಪವರ್ ಬಟನ್ ಇದೆ! ಆನ್ ಮಾಡಲು ಪೆಟ್ಟಿಗೆಯ ಒಂದು ಮೂಲೆ ಎತ್ತಿ ಬೆರಳು ತೂರಿಸಬೇಕು.

ಎಂ4 ಮಿನಿಯಲ್ಲಿ ಡಿಸ್ಕು ಬೆಸುಗೆ ಹಾಕಿದ್ದಲ್ಲ, ಕಿತ್ತು ಹಾಕಬಹುದಾದ ಚಿಕ್ಕ ಬೋರ್ಡು ಅನ್ನುವುದು ನಿಜ. ಆದರೆ ಅದು ಅಂಗಡಿಯಲ್ಲಿ ಸಿಗುವ ಎಂ.2 ಅಲ್ಲ, ಅವರದ್ದೇ ಅಳತೆಯದ್ದು. ಬದಲಿಸಿದರೂ ಇನ್ನೊಂದು ಮ್ಯಾಕ್ ತಂದು ಜೋಡಿಸಿ ಎಲ್ಲವನ್ನೂ ಹೊಸದಾಗಿ ಹತ್ತಿಸಬೇಕು. ಹಾಸನದ ಹುಡುಗಿ ಇನ್ನೊಂದು ಮ್ಯಾಕ್ ಎಲ್ಲಿಂದ ತರುತ್ತಾಳೆ? ಅಂದಮೇಲೆ ಜಾಗದ ಕೊರತೆಗೆ ಕಾರಣ ಪೆಟ್ಟಿಗೆ ಚಿಕ್ಕದಾದದ್ದಲ್ಲ. ಅದು ಬೆಲೆಪಟ್ಟಿ ಮಾಡಿದವರ ತೀರ್ಮಾನ. ಆ ತೀರ್ಮಾನದಿಂದ ಉಳಿದ ಖಾಲಿ ಜಾಗದಲ್ಲೇ ಹಬ್ ಮಾರುವವರ ಸಂತೆ ನೆರೆದಿರುವುದು.

ಈ ಸಂತೆ ಹೊಸದೂ ಅಲ್ಲ. 1998ರಲ್ಲಿ ಮೊದಲ ಐಮ್ಯಾಕ್ ಬಂದಾಗ ಫ್ಲಾಪಿ ಹೋಯಿತು, ಹಳೇ ಪೋರ್ಟುಗಳು ಹೋದವು, ಬಂದದ್ದು ಎರಡೇ ಎರಡು ಯುಎಸ್‌ಬಿ. ಆಗಲೂ ಜನ ಹಬ್ ಕೊಂಡರು. 2005ರಲ್ಲಿ ಮೊದಲ ಮ್ಯಾಕ್ ಮಿನಿ 40 ಜಿಬಿ ಡಿಸ್ಕಿನೊಂದಿಗೆ ಬಂತು. ಅದೇ ವರ್ಷ ಮಿನಿಸ್ಟ್ಯಾಕ್ ಅಂತ ಒಂದು ಪೆಟ್ಟಿಗೆ ಬಂತು. ಮಿನಿಯದ್ದೇ ಅಳತೆ, ಒಳಗೊಂದು ಹಾರ್ಡ್‌ಡಿಸ್ಕು, ಬೆನ್ನಿಗೆ ಹೆಚ್ಚುವರಿ ಪೋರ್ಟು, ಮಿನಿಯ ಕೆಳಗೆ ಇಟ್ಟುಬಿಟ್ಟರೆ ಆಯಿತು. ಅಂದರೆ ಪೆಟ್ಟಿಗೆಯ ಕೆಳಗೊಂದು ಪೆಟ್ಟಿಗೆ ಇಡುವ ಸಂಪ್ರದಾಯಕ್ಕೆ ಇಪ್ಪತ್ತು ವರ್ಷ ಆಯಿತು.

ನಾವು ತರಿಸಿದ್ದೂ ಅಂಥದ್ದೇ. ಬೂದುಬಣ್ಣದ ಅಲ್ಯೂಮಿನಿಯಂ, ಮಿನಿಯ ಕೆಳಗೆ ಪೀಠದ ಹಾಗೆ ಕೂರುತ್ತದೆ. ಮುಂದೆ ಮೂರು ಯುಎಸ್‌ಬಿ-ಎ, ಒಂದು ಎಸ್‌ಡಿ ಕಾರ್ಡಿನ ಸೀಳು. ತಳದಲ್ಲಿ ಎಂ.2 ಡಿಸ್ಕ್ ಕೂರಿಸಲು ಜಾಗ. ಮಿನಿ ಉಸಿರಾಡುವುದೇ ತನ್ನ ಕಾಲಿನ ಸುತ್ತಲಿನ ಸಂದಿಯಿಂದ. ಅದನ್ನು ಮುಚ್ಚದ ಹಾಗೆ, ಪವರ್ ಬಟನ್ನಿಗೆ ಬೆರಳು ಹೋಗುವ ಹಾಗೆ ಮೂಲೆ ಕೊರೆದಿದ್ದಾರೆ. ಹಿಂದಿನಿಂದ ಗೇಣುದ್ದದ ಒಂದು ಕೇಬಲ್ ಮಿನಿಗೆ ಹೋಗುತ್ತದೆ. ಹಬ್ಬಿಗೆ 8,200, ಒಂದು ಟಿಬಿಯ ಡಿಸ್ಕಿಗೆ 6,100 ರೂಪಾಯಿ. ಆಪಲ್‌ಗೆ 20 ಸಾವಿರ ಕೊಟ್ಟು 256 ಜಿಬಿ ಹೆಚ್ಚು ಪಡೆಯುವ ಬದಲು, 14,300ಕ್ಕೆ ಒಂದು ಟಿಬಿ, ಮೇಲೆ ಪೋರ್ಟುಗಳು. ಗೆದ್ದೆವು ಅಂದುಕೊಂಡೆ. ಅಕ್ಕನ ಮನೆಯಲ್ಲಿ ನನಗೆ ಆವತ್ತು ಒಬ್ಬಟ್ಟಿನ ಊಟ.

ಇನ್ನು ಆ ಗೇಣುದ್ದದ ಕೇಬಲ್ ವಿಚಾರ. ಹಬ್ ಅಂದರೆ ಮನೆಗೆ ಬರುವ ನೀರಿನ ಪೈಪ್ ಇದ್ದ ಹಾಗೆ. ಒಳಗೆ ಎಷ್ಟು ನಲ್ಲಿ ಬೇಕಾದರೂ ಹಾಕಿಸಿಕೊಳ್ಳಿ, ಬೀದಿಯಿಂದ ಬರುವ ಪೈಪು ಒಂದೇ. ನಮ್ಮ ಹಬ್ಬಿನ ಪೈಪು ಸೆಕೆಂಡಿಗೆ 10 ಗಿಗಾಬಿಟ್‌ನದು. ಎಂಟು ಬಿಟ್‌ಗೆ ಒಂದು ಬೈಟ್. ಲೆಕ್ಕ ಹಾಕಿದರೆ ಸೆಕೆಂಡಿಗೆ ಒಂದೂಕಾಲು ಗಿಗಾಬೈಟ್, ನಿಜವಾಗಿ ಸಿಗುವುದು ಹೆಚ್ಚೂ ಕಡಿಮೆ ಒಂದು. ಡಿಸ್ಕು, ಕಾರ್ಡು, ಪೆನ್‌ಡ್ರೈವು, ಮೌಸು ಎಲ್ಲ ಅಷ್ಟರಲ್ಲೇ ಹಂಚಿಕೊಳ್ಳಬೇಕು.

ಅದು ಕಡಿಮೆ ಆಯಿತಾ? ಇಲ್ಲ. ಇಲ್ಲಿ ಮಾರಾಟಗಾರರ ಮಾತಿಗೆ ಮರುಳಾಗಬೇಡಿ. ಮದುವೆ ಮನೆಯಲ್ಲಿ ಓಡಾಡುವ ಕ್ಯಾಮೆರಾಗಳು ಸಾಮಾನ್ಯವಾಗಿ 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಬರೆಯುತ್ತವೆ. ಬೈಟ್ ಲೆಕ್ಕದಲ್ಲಿ 12.5 ಮೆಗಾಬೈಟ್. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದರೂ ನಲವತ್ತು ಮುಟ್ಟುವುದಿಲ್ಲ. ಸಾವಿರ ಕೊಡುವ ಪೈಪಿನಿಂದ ನಲವತ್ತು ತೆಗೆದುಕೊಳ್ಳಲು ಯಾವ ತೊಂದರೆಯೂ ಇಲ್ಲ. 40 ಗಿಗಾಬಿಟ್‌ನ ದುಬಾರಿ ಥಂಡರ್‌ಬೋಲ್ಟ್ ಪೆಟ್ಟಿಗೆ ಸಿನಿಮಾ ಮಾಡುವವರಿಗೆ ಬೇಕು, ನಮಗೆ ಬೇಡ. ಡಬ್ಬಿಯ ಮೇಲೆ 20 ಗಿಗಾಬಿಟ್ ಅಂತ ಬರೆದದ್ದು ಕಂಡರಂತೂ ಜೇಬು ಮುಚ್ಚಿಕೊಳ್ಳಿ. ಯುಎಸ್‌ಬಿಯ ಆ ವೇಗದ ಭಾಷೆ ಈ ಮ್ಯಾಕ್‌ಗೆ ಬರುವುದಿಲ್ಲ, 10ಕ್ಕೇ ಇಳಿಯುತ್ತದೆ.

ನಿಜವಾಗಿ ನೋಡಬೇಕಾದ್ದು ಹಬ್ಬಿನ ಒಳಗಿನ ಚಿಕ್ಕ ನಲ್ಲಿಗಳನ್ನು. ಎಷ್ಟೋ ಹಬ್‌ಗಳಲ್ಲಿ ಮೂರು ಯುಎಸ್‌ಬಿ-ಎ ಇದ್ದರೆ ಒಂದೋ ಎರಡೋ ಹಳೇ 2.0 ಕಾಲದ್ದಾಗಿರುತ್ತವೆ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ. ಅಂಥದ್ದರಲ್ಲಿ ಸೆಕೆಂಡಿಗೆ 40 ಮೆಗಾಬೈಟ್ ಬಂದರೆ ಪುಣ್ಯ. 64 ಜಿಬಿಯ ಕಾರ್ಡ್ ಖಾಲಿ ಮಾಡಲು ಅರ್ಧ ಗಂಟೆಯ ಹತ್ತಿರ ಹತ್ತಿರ ಬೇಕು. ಅದೇ ಕಾರ್ಡನ್ನು ಸೆಕೆಂಡಿಗೆ 90 ಮೆಗಾಬೈಟ್ ಓದುವ ಸೀಳಿಗೆ ಹಾಕಿದರೆ ಹನ್ನೆರಡು ನಿಮಿಷ. ಮದುವೆ ಸೀಸನ್ನಿನಲ್ಲಿ ಒಂದೇ ದಿನ ನಾಲ್ಕು ಕಾರ್ಡ್ ಬಂದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಕೇಬಲ್ಲಿನದ್ದೂ ಅದೇ ಕತೆ. ಡಬ್ಬಿಯಲ್ಲಿ ಬಂದ ಕೇಬಲ್ ಕಳೆದು, ಫೋನ್ ಚಾರ್ಜರಿನ ಯುಎಸ್‌ಬಿ-ಸಿ ಕೇಬಲ್ ಹಾಕಿದಿರಿ ಅಂದುಕೊಳ್ಳಿ. ಎರಡೂ ತುದಿ ಸರಿಯಾಗೇ ಕೂರುತ್ತವೆ. ಆದರೆ ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹಳಷ್ಟರ ಒಳಗೆ ಇರುವುದು 2.0ದ ತಂತಿ ಮಾತ್ರ. ಆಗ ಇಡೀ ಹಬ್ಬೇ ಆಮೆ ಆಗುತ್ತದೆ, ಬೈಗುಳ ಮಾತ್ರ ಹಬ್ಬಿಗೆ.

ಮೊದಲ ವಾರವೇ ಇನ್ನೊಂದು ಫೋನ್ ಬಂತು. "ಮಾಮ, ಮೌಸ್ ಕುಣೀತಿದೆ." ಬಾಣ ಹೋಗಬೇಕಾದಲ್ಲಿಗೆ ಹೋಗದೆ ತಡವರಿಸುತ್ತಿತ್ತು. ಬ್ಯಾಟರಿ ಬದಲಿಸಿದಳು, ಟೇಬಲ್ ಒರೆಸಿದಳು, ಏನೂ ಆಗಲಿಲ್ಲ. ಇದು ಗೊತ್ತಿರುವ ಕಾಯಿಲೆ. ಯುಎಸ್‌ಬಿ 3ರ ವೇಗದಲ್ಲಿ ಮಾಹಿತಿ ಓಡುವಾಗ ಸುತ್ತ ಹೊಮ್ಮುವ ರೇಡಿಯೊ ಗದ್ದಲ ವೈರ್‌ಲೆಸ್ ಮೌಸುಗಳ 2.4 ಗಿಗಾಹರ್ಟ್ಸ್ ಅಲೆಗೆ ಅಡ್ಡ ಬರುತ್ತದೆ ಅಂತ ಇಂಟೆಲ್‌ನವರೇ 2012ರಲ್ಲಿ ಬರೆದಿದ್ದಾರೆ. ನಮ್ಮ ಡಾಂಗಲ್ಲು ಡಿಸ್ಕಿನ ಪಕ್ಕದಲ್ಲೇ, ಲೋಹದ ಪೆಟ್ಟಿಗೆಗೆ ಅಂಟಿಕೊಂಡು ಕೂತಿತ್ತು. ಮೊಳದುದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ದೂರ ತಂದ ಮೇಲೆ ಮೌಸ್ ಸುಮ್ಮನಾಯಿತು. ಟೇಬಲ್ ಮೇಲೆ ವೈರು ಕಾಣಬಾರದು ಅಂತ ತಂದ ಹಬ್ಬಿಗೆ ಇನ್ನೊಂದು ವೈರು.

ಇದೆಲ್ಲ ನಗುವಂಥದ್ದು. ಮುಂದಿನದು ಹಾಗಲ್ಲ.

ಒಂದು ಸೋಮವಾರ. ಭಾನುವಾರದ ಮದುವೆಯ ಕಾರ್ಡು ಹಬ್ಬಿನ ಡಿಸ್ಕಿಗೆ ಕಾಪಿ ಆಗುತ್ತಿತ್ತು. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಪೆನ್‌ಡ್ರೈವ್ ವಾಪಸ್ ಕೇಳಿಕೊಂಡು ಬಂದರು. ಅದು ಹಬ್ಬಿನ ಮುಂದಿನ ಪೋರ್ಟಿನಲ್ಲಿ ಬಿಗಿಯಾಗಿ ಕೂತಿತ್ತು. ಇವಳು ಎಳೆದಳು. ಪೆನ್‌ಡ್ರೈವಿನ ಜೊತೆ ಹಬ್ಬೂ ಎರಡು ಬೆರಳು ಮುಂದೆ ಬಂತು. ಮುಕ್ಕಾಲು ಕೇಜಿಯೂ ಇಲ್ಲದ ಮಿನಿ ಅದನ್ನು ಹಿಡಿದು ನಿಲ್ಲಿಸುವುದು ಹೇಗೆ? ಹಿಂದಿನ ಗಿಡ್ಡ ಕೇಬಲ್ ಒಂದು ಕ್ಷಣ ಸಡಿಲವಾಗಿ ಮತ್ತೆ ಕೂತಿತು. ಪರದೆಯ ಮೂಲೆಯಲ್ಲಿ, ಡಿಸ್ಕನ್ನು ಸರಿಯಾಗಿ ಎಜೆಕ್ಟ್ ಮಾಡಲಿಲ್ಲ ಅನ್ನುವ ಸೂಚನೆ. ಕಾಪಿ ನಿಂತಿತು. ಡಿಸ್ಕ್ ಮತ್ತೆ ಕಾಣಿಸಿತು, ಆದರೆ ಭಾನುವಾರದ ಫೋಲ್ಡರ್ ಖಾಲಿ. ಅದರ ಹಿಂದಿನ ವಾರದ ಒಂದು ನಾಮಕರಣದ ಅರ್ಧ ಫೈಲುಗಳು ತೆರೆಯಲೇ ಇಲ್ಲ.

ಫೋನಿನಲ್ಲಿ ಅವಳಿಗೆ ಮಾತೇ ಹೊರಡಲಿಲ್ಲ. ನನಗೂ ಅಷ್ಟೇ. ಮುಹೂರ್ತವನ್ನು ಎರಡನೇ ಸಲ ಶೂಟ್ ಮಾಡಲು ಆಗುವುದಿಲ್ಲ. ಆ ಮದುವೆಯಲ್ಲಿ ಹುಡುಗಿಯ ಅಜ್ಜಿಯನ್ನು ಕುರ್ಚಿಯ ಸಮೇತ ಮಂಟಪಕ್ಕೆ ಎತ್ತಿ ತಂದಿದ್ದರಂತೆ, ಆಶೀರ್ವಾದ ಮಾಡಿಸಲು. ಅದೂ ಅದರಲ್ಲೇ.

ಕಾರ್ಡನ್ನು ಇನ್ನೂ ಅಳಿಸಿರಲಿಲ್ಲ, ಹಾಗಾಗಿ ಭಾನುವಾರ ಬಚಾವ್ ಆಯಿತು. ನಾಮಕರಣದ ಕಾರ್ಡು ಆಗಲೇ ಇನ್ನೊಂದು ಕೆಲಸಕ್ಕೆ ಹೋಗಿ ಅಳಿಸಿಯಾಗಿತ್ತು. ಡಿಸ್ಕ್ ಯುಟಿಲಿಟಿಯ ರಿಪೇರಿ ಓಡಿಸಿದ ಮೇಲೆ ಸಿಕ್ಕಿದ್ದಷ್ಟು ಸಿಕ್ಕಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಭಾಗ ಸಿಕ್ಕಿತು, ತೊಟ್ಟಿಲು ತೂಗುವ ಭಾಗ ಸಿಗಲಿಲ್ಲ. ಆ ಮನೆಯವರಿಗೆ ಇವಳೇ ಹೋಗಿ ಹೇಳಿದಳು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅಂತ ಆಮೇಲೆ ಅಂದಳು.

ತಪ್ಪು ಯಾರದು? ನಮ್ಮದೇ ಮೊದಲ ತಪ್ಪು. ಗಿರಾಕಿಗಳ ವಿಂಡೋಸ್‌ಗೂ ಆಗಲಿ ಅಂತ ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿದ್ದೆವು. ಏನು ಬರೆಯುತ್ತಿದ್ದೇನೆ ಅನ್ನುವ ದಿನಚರಿ ಇಟ್ಟುಕೊಳ್ಳುವ ವ್ಯವಸ್ಥೆ ಅದರಲ್ಲಿಲ್ಲ. ಬರೆಯುತ್ತಿರುವಾಗ ಕೈ ಎಳೆದರೆ ಯಾವ ಪುಟ ಎಲ್ಲಿತ್ತು ಅನ್ನುವುದೇ ಅದಕ್ಕೆ ಮರೆತುಹೋಗಬಹುದು. ಮ್ಯಾಕ್‌ನ ಸ್ವಂತದ ಎಪಿಎಫ್‌ಎಸ್‌ ಇಂಥ ಏಟನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ. ಎರಡನೆಯ ತಪ್ಪು, ಹೆಚ್ಚುವರಿ ಡಿಸ್ಕನ್ನೇ ಬ್ಯಾಕಪ್ ಅಂದುಕೊಂಡದ್ದು. ಅಸಲು ಪ್ರತಿ ಇರುವ ಡಿಸ್ಕು ಹೊರಗಿದ್ದ ಮಾತ್ರಕ್ಕೆ ನಕಲು ಆಗುವುದಿಲ್ಲ.

ಆದರೆ ಮೂರನೆಯದೊಂದಿದೆ, ಅದು ನಮ್ಮದಲ್ಲ, ಆ ಹಬ್ಬಿನ ವಿನ್ಯಾಸದ್ದು. ನಮ್ಮ ಅಜ್ಜಿ ದಿನಾ ಬಳಸುವ ಅಕ್ಕಿಯನ್ನು ಡಬ್ಬಿಯಲ್ಲಿ ಇಡುತ್ತಿದ್ದರು, ವರ್ಷದ ಅಕ್ಕಿಯನ್ನು ಅಟ್ಟದ ಮೇಲೆ ಕಣಜದಲ್ಲಿ. ದಿನಾ ಕೈ ಹಾಕುವ ಜಾಗ ಬೇರೆ, ಕೈ ಹಾಕಬಾರದ ಜಾಗ ಬೇರೆ. ಪೀಠದಂಥ ಈ ಹಬ್ಬು ಎರಡನ್ನೂ ಒಂದೇ ಪೆಟ್ಟಿಗೆಗೆ ತಂದು ಒಂದೇ ವೈರಿಗೆ ಕಟ್ಟುತ್ತದೆ. ಮುಂದೆ ದಿನಕ್ಕೆ ಇಪ್ಪತ್ತು ಸಲ ಚುಚ್ಚಿ ಕೀಳುವ ಪೋರ್ಟು, ಕೆಳಗೆ ಅಲುಗಾಡಲೇಬಾರದ ಡಿಸ್ಕು. ನೋಡಲು ಒಂದೇ ತುಂಡಿನಂತೆ ಇರಬೇಕು ಅನ್ನುವ ಆಸೆಗೆ ಈ ಬೇರೆ ಬೇರೆ ಸ್ವಭಾವದ ಎರಡು ಕೆಲಸಗಳನ್ನು ಗಂಟು ಹಾಕಿದ್ದಾರೆ. ಮೇಲಿನ ಪೆಟ್ಟಿಗೆಯವರು ಚಂದಕ್ಕಾಗಿ ಪೋರ್ಟು ಬಿಟ್ಟರು, ಕೆಳಗಿನ ಪೆಟ್ಟಿಗೆಯವರು ಚಂದಕ್ಕಾಗಿ ಭದ್ರತೆ ಬಿಟ್ಟರು.

ಈಗ ನಾವು ಮಾಡಿಕೊಂಡಿರುವ ವ್ಯವಸ್ಥೆ ಹೇಳುತ್ತೇನೆ. ಹಬ್ಬಿನಲ್ಲಿದ್ದ ಎಂ.2 ಡಿಸ್ಕನ್ನು ಬಿಚ್ಚಿ, 1,800 ರೂಪಾಯಿಯ ಪ್ರತ್ಯೇಕ ಕವಚಕ್ಕೆ ಹಾಕಿ, ಎಪಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಮಿನಿಯ ಹಿಂದಿನ ಥಂಡರ್‌ಬೋಲ್ಟ್ ಪೋರ್ಟಿಗೆ ನೇರವಾಗಿ ಕೊಟ್ಟಿದ್ದೇವೆ. ಕವಚ ಟೇಬಲ್ಲಿನ ಹಿಂಭಾಗಕ್ಕೆ ಅಂಟಿಕೊಂಡಿದೆ, ಅದಕ್ಕೆ ಯಾರೂ ಕೈ ಹಚ್ಚುವುದಿಲ್ಲ. ವೇಗ ಮೊದಲಿನಷ್ಟೇ ಇದೆ, ಹಂಚಿಕೊಳ್ಳುವವರು ಮಾತ್ರ ಇಲ್ಲ. ಹಬ್ಬಿಗೆ ಈಗ ಹಗುರದ ಕೆಲಸ: ಕಾರ್ಡು, ಪೆನ್‌ಡ್ರೈವು, ಮೌಸು. ಇದಲ್ಲದೆ 5,600 ಕೊಟ್ಟು ಎರಡು ಟಿಬಿಯ ಸಾದಾ ಹಾರ್ಡ್‌ಡಿಸ್ಕ್ ತಂದಿದ್ದೇವೆ. ದಿನದ ಕೊನೆಗೆ ಅದಕ್ಕೊಂದು ಪ್ರತಿ ಹೋಗುತ್ತದೆ, ಆಮೇಲೆ ಅದು ಬೀರುವಿನೊಳಗೆ. ಎರಡು ಕಡೆ ಪ್ರತಿ ಆಗುವವರೆಗೂ ಕಾರ್ಡ್ ಅಳಿಸುವ ಹಾಗಿಲ್ಲ. ಈ ಕಾನೂನು ಅವಳೇ ಮಾಡಿದ್ದು, ಗೋಡೆಗೆ ಬರೆದು ಅಂಟಿಸಿದ್ದಾಳೆ. ಮಿನಿಯ ಒಳಗಿನ 256 ಜಿಬಿಯಲ್ಲಿ ಸಿಸ್ಟಂ, ಸಾಫ್ಟ್‌ವೇರು, ಆ ವಾರದ ಒಂದು ಕೆಲಸ, ಅಷ್ಟೇ. ಮೆಮೊರಿ ಸಾಲದಾದಾಗ ಯಂತ್ರ ಆ ಡಿಸ್ಕನ್ನೇ ಸಾಲ ಪಡೆಯುವುದರಿಂದ ಅಲ್ಲಿ ಸ್ವಲ್ಪ ಜಾಗ ಖಾಲಿ ಬಿಡುವುದು ಒಳ್ಳೆಯದು.

ಲೆಕ್ಕ ಕೂಡಿಸಿ. ಹಬ್ 8,200, ಡಿಸ್ಕ್ 6,100, ಕವಚ 1,800, ಹಾರ್ಡ್‌ಡಿಸ್ಕ್ 5,600. ಒಟ್ಟು 21,700. ಯಾವ 20 ಸಾವಿರವನ್ನು ಉಳಿಸಲು ಹೊರಟಿದ್ದೆವೋ ಅದಕ್ಕಿಂತ 1,700 ಜಾಸ್ತಿ! ಹಾಗಂತ ಸೋತೆವು ಅನ್ನಲಾರೆ. 256 ಜಿಬಿಯ ಬದಲು ಮೂರು ಟಿಬಿ ಬಂದಿದೆ. ಮಿನಿ ನಾಳೆ ಕೆಟ್ಟು ನಿಂತರೂ ಈ ಡಿಸ್ಕುಗಳನ್ನು ಇನ್ನೊಂದು ಮ್ಯಾಕ್‌ಗೆ ಹಾಕಿ ಕೆಲಸ ಮುಂದುವರಿಸಬಹುದು. ಒಳಗಿನ ಡಿಸ್ಕಿನಲ್ಲಿರುವುದು ಆ ಚಿಪ್ಪಿಗೇ ಬೀಗ ಹಾಕಿಸಿಕೊಂಡಿರುತ್ತದೆ, ಚಿಪ್ ಹೋದರೆ ಅದೂ ಹೋಯಿತು. ದುಡ್ಡು ಹೊರಗಿನ ಡಿಸ್ಕಿಗೆ ಹಾಕಿದ್ದರಲ್ಲಿ ನನಗೆ ಬೇಸರವಿಲ್ಲ. ಬೇಸರ ಇರುವುದು ಆ 8,200ಕ್ಕೆ. ಅದರ ಮುಖ್ಯ ಆಕರ್ಷಣೆಯಾಗಿದ್ದ ಡಿಸ್ಕಿನ ಗೂಡು ಈಗ ಖಾಲಿ ಇದೆ. ಅದು ಈಗ ಮಾಡುತ್ತಿರುವ ಕೆಲಸವನ್ನು ಸಾವಿರ ಚಿಲ್ಲರೆ ರೂಪಾಯಿಯ ಒಂದು ಸಾದಾ ಹಬ್ಬೂ ಮಾಡುತ್ತಿತ್ತು.

ಹಾಗಾದರೆ ಪೀಠದ ಹಬ್ ಯಾರೂ ಕೊಳ್ಳಲೇಬಾರದಾ? ಟೇಬಲ್ ಚಿಕ್ಕದಿದ್ದು, ದಿನಾ ಏನನ್ನೂ ಚುಚ್ಚಿ ಕೀಳದವರು, ಬೇರೆ ಕಡೆ ಬ್ಯಾಕಪ್ ಇಟ್ಟವರು ಧಾರಾಳವಾಗಿ ಕೊಳ್ಳಲಿ. ಹಾಡು, ಸಿನಿಮಾ, ಹಳೇ ಫೋಟೊಗಳ ಪ್ರತಿ ಇಡಲು ಅದು ಸಾಕು. ಆದರೆ ಇನ್ನೊಬ್ಬರ ಮನೆಯ ನೆನಪುಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರು ಡಿಸ್ಕಿಗೆ ತನ್ನದೇ ಒಂದು ಬಾಗಿಲು ಕೊಡಲಿ. ಯಂತ್ರದ ಹಿಂದೆ ಮೂರು ಒಳ್ಳೆಯ ಬಾಗಿಲುಗಳು ಇದ್ದೇ ಇವೆ. ಅವನ್ನು ಖಾಲಿ ಬಿಟ್ಟು ಎಲ್ಲರನ್ನೂ ಒಂದೇ ಕಿಂಡಿಯಲ್ಲಿ ನುಗ್ಗಿಸುವುದು ಯಾಕೆ?

"ಅರವತ್ತು ಸಾವಿರ ಕೊಟ್ಟ ಮೇಲೂನಾ?" ಅಂತ ಕೇಳಿದ್ದಳಲ್ಲ, ಉತ್ತರ ಇದು: ಹೌದು ಕಣೇ, ಆ ಬೆಲೆಯಲ್ಲಿ ನಿನ್ನ ಟೇಬಲ್ಲಿನ ಲೆಕ್ಕ ಸೇರಿರಲಿಲ್ಲ. ಯಂತ್ರದ ಬೆಲೆ ಹೇಳುವಾಗಲೇ ಅದನ್ನೂ ಸೇರಿಸಿ ಎಂಬತ್ತು ಸಾವಿರ ಇಟ್ಟುಕೋ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಹೋದ ವಾರ ಫೋನ್ ಮಾಡಿದ್ದಳು. ತೊಟ್ಟಿಲ ಭಾಗ ಕಳೆದುಹೋಗಿದ್ದ ಆ ಮನೆಯಲ್ಲಿ ಮಗುವಿನ ಮೊದಲ ವರ್ಷದ ಹುಟ್ಟುಹಬ್ಬವಂತೆ. ವಿಡಿಯೊಗೆ ಇವಳನ್ನೇ ಕರೆದಿದ್ದಾರೆ. ದುಡ್ಡು ತಗೊಳಲ್ಲ ಅಂದಳು. "ಎರಡು ಕಡೆ ಕಾಪಿ ಮಾಡ್ತೀಯ ತಾನೆ?" ಅಂದೆ. "ಮೂರು ಕಡೆ, ಮಾಮ" ಅಂದಳು.